ನಕ್ಷತ್ರದ ಕಾಂತ ಕಟ್ಟಿದ ಸಾರ್

ಅವರ ಹುಬ್ಬಿನಲ್ಲಿ ಯಾವಾಗಲೂ ಕಬ್ಬಿಣದ ಪುಡಿ ಇರುತ್ತಿತ್ತು. ಎಡ ಹುಬ್ಬಿನಲ್ಲಿ ಹೆಚ್ಚು, ಬಲ ಹುಬ್ಬಿನಲ್ಲಿ ಕಡಿಮೆ. ಯೋಚನೆ ಹತ್ತಿದಾಗಲೆಲ್ಲ ಎಡಗೈ ಹೆಬ್ಬೆರಳಿನಿಂದ ಎಡ ಹುಬ್ಬನ್ನು ತೀಡಿಕೊಳ್ಳುವುದು ಅವರ ಅಭ್ಯಾಸ. ಪಾಠದ ನಡುವೆ ನಾವು ಹುಡುಗಿಯರು ಕಿಸಕ್ಕೆಂದರೆ ಅವರಿಗೆ ಅರ್ಥವಾಗಿಬಿಡುತ್ತಿತ್ತು. ಮೇಜಿನ ಮೇಲಿನ ಕಾಂತದ ಪಟ್ಟಿಯನ್ನೆತ್ತಿ ಹುಬ್ಬಿನ ಹತ್ತಿರ ಹಿಡಿಯುತ್ತಿದ್ದರು. ಪುಡಿ ನಿಮಿರಿ ನಿಂತು ಕಾಂತಕ್ಕೆ ಹಾರಿಕೊಳ್ಳುತ್ತಿತ್ತು. ಅದನ್ನು ಕರವಸ್ತ್ರಕ್ಕೆ ಒರೆಸಿ, ಏನೂ ಆಗದವರ ಹಾಗೆ ಬಿಟ್ಟ ಕಡೆಯಿಂದ ಪಾಠ ಮುಂದುವರಿಸುತ್ತಿದ್ದರು.

ಇದು ಐವತ್ತರ ದಶಕದ ನಡುವಿನ ಮಾತು. ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ನಾನು ಬಿ.ಎಸ್‌ಸಿ. ಓದುತ್ತಿದ್ದೆ. ಅವರು ಅಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಲೆಕ್ಚರರ್‌ಗಿಂತ ಒಂದು ಮೆಟ್ಟಿಲು ಕೆಳಗೆ, ಅಟೆಂಡರ್‌ಗಿಂತ ಒಂದು ಮೆಟ್ಟಿಲು ಮೇಲೆ ಇರುವ ಹುದ್ದೆ ಅದು. ಮಸೂರ ಒರೆಸಿಡುವುದು, ಬ್ಯಾಟರಿಗೆ ನೀರು ಹಾಕಿಸುವುದು, ನಮ್ಮ ರೆಕಾರ್ಡ್ ಪುಸ್ತಕಕ್ಕೆ ಕೆಂಪು ಶಾಯಿಯಲ್ಲಿ ಸಹಿ ಹಾಕುವುದು, ಇಷ್ಟೇ ಅವರ ಕೆಲಸವೆಂದು ಕಾಲೇಜು ತಿಳಿದಿತ್ತು. ನಾವು ಲ್ಯಾಬ್ ಸಾರ್ ಎನ್ನುತ್ತಿದ್ದೆವು. ಪಂಚೆಯ ಮೇಲೆ ಕೋಟು, ಕೈಯಲ್ಲಿ ಸದಾ ನಿಂತೇ ಇರುವ ಗಡಿಯಾರ. ಕಾಂತಗಳ ನಡುವೆ ಕೈಯಾಡಿಸಿ ಆಡಿಸಿ ಅದು ಕೆಟ್ಟುಹೋಗಿತ್ತು. ಆದರೂ ಬಿಡದೆ ಕಟ್ಟಿಕೊಂಡು ಬರುತ್ತಿದ್ದರು, ದಿನಾ ಬೆಳಿಗ್ಗೆ ಕೀಲಿ ಬೇರೆ ಕೊಡುತ್ತಿದ್ದರು.

ಕತ್ತಲಾಗುವ ಮುಂಚೆ ಅವರು ಸೈಕಲ್ಲೇರಿ ಮನೆ ಸೇರಿಬಿಡಬೇಕಿತ್ತು, ಏಕೆಂದರೆ ಅವರಿಗೆ ಇರುಳುಗಣ್ಣು. ನಕ್ಷತ್ರದ ಹುಚ್ಚು ಹಿಡಿದ ಈ ಮನುಷ್ಯ ಜೀವಮಾನದಲ್ಲಿ ಕಣ್ಣಾರೆ ಕಂಡ ನಕ್ಷತ್ರ ಹತ್ತಿದ್ದರೆ ಹೆಚ್ಚು. ಅದನ್ನು ಅವರೇ ನಗುನಗುತ್ತಾ ಹೇಳುತ್ತಿದ್ದರು.

ಅವರ ಮನೆಯವರು ನಾಲ್ಕು ತಲೆಮಾರಿನಿಂದ ಕೊಯಮತ್ತೂರಿನವರು. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಅವರಿಗೆ ಬರುತ್ತಿರಲಿಲ್ಲ. ಹೆಂಡತಿಗೆ ಚೀಟಿ ಬರೆಯುವಾಗಲೂ ಕನ್ನಡದ ಮಾತನ್ನು ತಮಿಳು ಅಕ್ಷರದಲ್ಲೇ ಬರೆಯುತ್ತಿದ್ದರು. ನನ್ನದೂ ಹೆಚ್ಚುಕಡಿಮೆ ಅದೇ ಕಥೆ. ನಾನು ಪೊಳ್ಳಾಚಿ ಹತ್ತಿರದ ನೆಗಮಂನ ನೇಕಾರರ ಮನೆಯ ಹುಡುಗಿ, ಕನ್ನಡ ಓದಲು ಬರೆಯಲು ಕಲಿತದ್ದು ಮದುವೆಯಾಗಿ ಮೈಸೂರಿಗೆ ಬಂದ ಮೇಲೆ. ಕಾಲೇಜಿನಲ್ಲಿ ನನ್ನ ಬಾಯಿಂದ ಕನ್ನಡ ಹೊರಡುತ್ತಿದ್ದದ್ದು ಎಣಿಸುವಾಗ ಮಾತ್ರ. ಒಂದು ದಿನ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಒಂದು, ಎರಡು, ಮೂರು ಎಂದು ಗೊಣಗುತ್ತಿದ್ದಾಗ ಹಿಂದಿನಿಂದ ಸಾರ್ ದನಿ ಬಂತು.

"ಅಮ್ಮಣಿ, ನಮ್ಮ ಮಾತಲ್ಲೇ ಎಣಿಸ್ತೀಯಲ್ಲ. ಮನೇಲಿ ಮಗ್ಗ ಇದ್ಯಾ?"

ಹೆಣ್ಣುಮಕ್ಕಳನ್ನು ಮುದ್ದಿನಿಂದ ಅಮ್ಮಣಿ ಎಂದು ಕರೆಯುವುದು ನಮ್ಮ ಕಡೆಯ ರೂಢಿ. ಅಂದಿನಿಂದ ನನಗೆ ಅದೇ ಹೆಸರಾಯಿತು. ಮಗ್ಗದ ವಿಚಾರ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಎಣಿಸುವಾಗ ನಾನು ಬೆರಳಿನ ತುದಿಯಲ್ಲಿ ಇಲ್ಲದ ಎಳೆಯನ್ನು ಸರಿಸುತ್ತಿದ್ದೆನಂತೆ. ನನಗೇ ತಿಳಿಯದ ಅಭ್ಯಾಸವನ್ನು ಅವರು ಕಂಡುಹಿಡಿದಿದ್ದರು.

ಒಂದು ಬೆಳಿಗ್ಗೆ ಲೈಬ್ರರಿಯಿಂದ ಪತ್ರಿಕೆಯೊಂದನ್ನು ಎದೆಗವಚಿಕೊಂಡು ಅರ್ಧ ಓಡುತ್ತಾ, ಅರ್ಧ ನಡೆಯುತ್ತಾ ಬಂದರು. ವಿದೇಶದ ಪತ್ರಿಕೆಗಳು ನಮ್ಮ ಕಾಲೇಜಿಗೆ ಬರುವಷ್ಟರಲ್ಲಿ ಹಳತಾಗಿರುತ್ತಿದ್ದವು, ಆದರೆ ಸಾರ್‌ಗೆ ಅದು ಆ ಕ್ಷಣ ನಡೆದ ಸುದ್ದಿ. ಸೂರ್ಯನಿಗಿಂತ ಬಿಸಿಯಾದ, ಸೂರ್ಯನಿಗಿಂತ ತೂಕವಾದ ಬಿಳಿಯ ನಕ್ಷತ್ರಗಳಲ್ಲಿ ಕೆಲವಕ್ಕೆ ಕಾಂತವಿದೆಯೆಂದೂ, ಅದರ ಬಲ ನಮ್ಮ ಭೂಮಿಯ ಕಾಂತಕ್ಕಿಂತ ಸಾವಿರಾರು ಪಟ್ಟು ಹೆಚ್ಚೆಂದೂ ಅಮೆರಿಕದಲ್ಲಿ ಅಳೆದು ನೋಡಿದ್ದರು. ಸಾರ್ ಪ್ರಯೋಗಶಾಲೆಯ ಬಾಗಿಲು ಮುಚ್ಚಿ ನಮ್ಮೆಲ್ಲರನ್ನೂ ಮೇಜಿನ ಸುತ್ತ ಕೂಡಿಸಿದರು. ಸೂರ್ಯನ ಮೇಲ್ಮೈ ಒಲೆಯ ಮೇಲಿನ ಬೇಳೆಯ ಹಾಗೆ ಕುದಿಯುತ್ತಿರುತ್ತದೆ, ಆ ಕುದಿತದಲ್ಲೇ ಅದರ ಕಾಂತ ಹುಟ್ಟುತ್ತದೆಂದು ಬಲ್ಲವರ ಊಹೆ ಎಂದರು. ಈ ಬಿಸಿ ನಕ್ಷತ್ರಗಳ ಮೈ ಹಾಗೆ ಕುದಿಯುವುದಿಲ್ಲವಂತೆ. ಕುದಿತವೇ ಇಲ್ಲದ ಕಡೆ ಇಷ್ಟು ದೊಡ್ಡ ಕಾಂತ ಎಲ್ಲಿಂದ ಬಂತು? ಅವರ ಹೆಬ್ಬೆರಳು ಹುಬ್ಬನ್ನು ತೀಡಿದ್ದೇ ತೀಡಿದ್ದು.

"ಇರಬಾರದ ಕಡೆ ಇದೆ ಅಮ್ಮಣಿ," ಎಂದರು. "ಇದಕ್ಕೇ ಹಿಂಗಾದ್ರೆ, ಇನ್ನೂ ಬಿಸಿ, ಇನ್ನೂ ದೊಡ್ಡ ನೀಲಿ ನಕ್ಷತ್ರ ಇದೆಯಲ್ಲ, ಅದ್ರಲ್ಲಿ ಎಷ್ಟಿರಬೇಕು?"

ಅಷ್ಟು ದೂರದ ಕಾಂತವನ್ನು ಅಳೆದದ್ದು ಹೇಗೆಂದು ನಾನು ಕೇಳಿದೆ. ಅವರು ಬಾಯಿ ತೆರೆದು, ನನ್ನ ಮುಖ ನೋಡಿ, ಮತ್ತೆ ಮುಚ್ಚಿಕೊಂಡರು. ಅದನ್ನು ಮಾತ್ರ ನೀನು ಕೇಳಬೇಡ, ಪುಸ್ತಕದಲ್ಲೂ ಹುಡುಕಬೇಡ, ಆಮೇಲೆ ಹೇಳುತ್ತೇನೆ ಎಂದರು. ಮೂರು ತಿಂಗಳು ಆ ಗುಟ್ಟಿನಿಂದ ನನಗೆ ತಲೆ ಕೆಟ್ಟುಹೋಗಿತ್ತು.

ನಿಮಗೆ ಈಗಲೇ ಹೇಳಿಬಿಡುತ್ತೇನೆ. ಹೊಳೆಯುವ ಅನಿಲದ ಬೆಳಕನ್ನು ಬಿಡಿಸಿ ನೋಡಿದರೆ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ. ಆ ಅನಿಲವನ್ನು ಬಲವಾದ ಕಾಂತದ ನಡುವೆ ಇಟ್ಟು, ಕಾಂತದ ಉದ್ದಕ್ಕೇ ಇಣುಕಿ ನೋಡಿದರೆ, ಒಂದು ಗೆರೆ ಒಡೆದು ಎರಡಾಗಿರುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಕಾಂತದ ಬಲ ಹೆಚ್ಚು. ನಕ್ಷತ್ರದ ಕಾಂತವನ್ನು ಅಳೆಯುವ ಉಪಾಯವೂ ಇದೇ. ಆ ನಕ್ಷತ್ರದಲ್ಲಿರುವಷ್ಟೇ ಬಲದ ಕಾಂತವನ್ನು ಕೊಯಮತ್ತೂರಿನ ಒಂದು ಕೋಣೆಯಲ್ಲಿ ಕಟ್ಟಿ, ಗೆರೆ ಒಡೆಯುವುದನ್ನು ಎಲ್ಲರಿಗೂ ತೋರಿಸಬೇಕೆಂಬುದು ಸಾರ್ ಆಸೆ. ಡೆಮಾನ್‌ಸ್ಟ್ರೇಟರ್ ಆದವನು ಸ್ವಂತದ ಪ್ರಯೋಗ ಮಾಡುವುದು ಅಲ್ಲಿಯ ಪದ್ಧತಿಯಲ್ಲ. ಹದಿನೈದು ವರ್ಷ ಬೇರೆಯವರ ಪ್ರಯೋಗಕ್ಕೆ ಸಾಮಾನು ಜೋಡಿಸಿಕೊಟ್ಟಿದ್ದ ಈ ಮನುಷ್ಯ ಜೀವನದಲ್ಲಿ ಮೊದಲ ಸಲ ತನಗಾಗಿ ಏನನ್ನೋ ಕೇಳಿದರು. ವಿಭಾಗದ ಮುಖ್ಯಸ್ಥರು ಕೆಟ್ಟವರಲ್ಲ, ಆದರೆ ಗೇಲಿಯ ಸ್ವಭಾವದವರು. ಖಾಲಿ ಬಿದ್ದಿದ್ದ ಮೂಲೆಯ ಕೋಣೆಯನ್ನು ಕೊಟ್ಟರು. ವಿಜ್ಞಾನ ಸಂಘದ ವಾರ್ಷಿಕ ಸಭೆಯ ಹೊತ್ತಿಗೆ ಗೆರೆ ಒಡೆದರೆ ಕೋಣೆ, ಕಾಂತ ಎರಡೂ ಶಾಶ್ವತವಾಗಿ ನಿಮ್ಮದು, ಒಡೆಯದಿದ್ದರೆ ಕಬ್ಬಿಣ ಫೌಂಡ್ರಿಗೆ ವಾಪಸ್ಸು, ಕೋಣೆ ಹಾಕಿ ಆಟದ ಕೋಲುಗಳಿಗೆ ಎಂದರು. ಆಟದ ಮೇಷ್ಟ್ರು ಆ ಕೋಣೆಯ ಮೇಲೆ ಆಗಲೇ ಕಣ್ಣು ಹಾಕಿದ್ದರು.

ಕಬ್ಬಿಣವನ್ನು ಪೀಳಮೇಡಿನ ಕಡೆಯ ಒಂದು ಫೌಂಡ್ರಿಯಲ್ಲಿ ಎರಕ ಹೊಯ್ಯಿಸಿದರು. ಬೆಳಕು ಹೊರಬರಲೆಂದು ಅದರ ಒಂದು ತುದಿಗೆ ನೇರವಾಗಿ ತೂತು ಕೊರೆಸಿದರು. ತಾಮ್ರದ ತಂತಿ ಸಿಕ್ಕಿದ್ದು ಮಿಲ್ಲೊಂದರ ಸುಟ್ಟ ಮೋಟಾರುಗಳಿಂದ. ಆದರೆ ಮೇಲಿನ ಹತ್ತಿಯ ಹೊದಿಕೆಯೆಲ್ಲ ಸುಟ್ಟುಹೋಗಿ ತಂತಿ ಬರಿಮೈಯಾಗಿತ್ತು. ಹಾಗೆಯೇ ಸುತ್ತಿದರೆ ಒಂದು ಸುತ್ತು ಇನ್ನೊಂದಕ್ಕೆ ತಗುಲಿ ಕಾಂತವೇ ಆಗುವುದಿಲ್ಲ. ಸಾರ್ ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ, ನೂಲು ಸುತ್ತುವುದು ತಾನೇ, ನಮ್ಮಮ್ಮ ಸುತ್ತುತ್ತಾರೆ ಎಂದೆ. ಮುಂದಿನ ಭಾನುವಾರವೇ ತಂತಿಯ ಸುರುಳಿಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ನೆಗಮಂಗೆ ಬಂದರು.

ಅಮ್ಮ ರಾಟೆಯ ಮುಂದೆ ಕುಳಿತು ತಂತಿಯನ್ನು ಬೆರಳಲ್ಲಿ ಎಳೆದು ನೋಡಿದಳು. ಇದಕ್ಕೆ ಗಂಜಿ ಹಾಕಬೇಕೋ ಬೇಡವೋ ಎಂದು ಕೇಳಿದಳು. ಬೇಡ ಎಂದು ಸಾರ್ ಬಹಳ ಗಂಭೀರವಾಗಿ ಹೇಳಿದರು. ನಾಲ್ಕು ವಾರ ನಮ್ಮ ಮನೆಯಲ್ಲಿ ಸೀರೆಯ ಕೆಲಸದ ನಡುನಡುವೆ ತಂತಿಗೆ ನೂಲು ಸುತ್ತುವ ಕೆಲಸ ನಡೆಯಿತು. ತಾಮ್ರಕ್ಕೆ ಸೀರೆ ಉಡಿಸುತ್ತಿದ್ದೇವೆ ಎಂದು ಅಮ್ಮ ಬೀದಿಯವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ಕೂಲಿ ಬೇಡವೆಂದಳು, ಕಾಂತವಾದ ಮೇಲೆ ತನಗೊಂದು ಸಲ ತೋರಿಸಿದರೆ ಸಾಕೆಂದಳು.

ಕಾಂತ ಸಿದ್ಧವಾಯಿತು. ಸ್ವಿಚ್ಚು ಹಾಕಿದರೆ ನನ್ನ ಜಡೆಯ ಪಿನ್ನು ಎಳೆಯುತ್ತಿತ್ತು. ಕಾಲೇಜಿನ ಬೀರುವಿನಲ್ಲಿ ಯಾರೂ ಮುಟ್ಟದೆ ಮಲಗಿದ್ದ ಉದ್ದನೆಯ ಒಂದು ಗಾಜಿನ ಪಟ್ಟಿಯನ್ನು ಸಾರ್ ಹೊರತೆಗೆದರು. ಬೆಳಕಿನ ಒಂದೇ ಗೆರೆಯನ್ನು ಅದು ಹತ್ತಾರು ಗೆರೆಗಳ ಸಾಲಾಗಿ, ಮಗ್ಗದ ಹಾಸಿನ ಎಳೆಗಳ ಹಾಗೆ ಪಕ್ಕಪಕ್ಕ ನಿಲ್ಲಿಸಿ ತೋರಿಸುತ್ತದೆ. ಕಾಂತದ ನಡುವೆ ಪುಟ್ಟ ದೀಪವನ್ನಿಟ್ಟು, ಅದರ ಗೆರೆಗಳ ಫೋಟೋವನ್ನು ಗಾಜಿನ ಪ್ಲೇಟುಗಳ ಮೇಲೆ ಹಿಡಿದರು. ಒಂದು ಪ್ಲೇಟು ಕಾಂತ ನಿಲ್ಲಿಸಿ, ಇನ್ನೊಂದು ಕಾಂತ ನಡೆಸಿ. ತೊಳೆದು ಒಣಗಿಸಿದ್ದು ನಾವೆಲ್ಲ ತಾತ ಎನ್ನುತ್ತಿದ್ದ ಲ್ಯಾಬಿನ ಮುದುಕ ಅಟೆಂಡರ್. ಯಾವುದು ಯಾವುದೆಂದು ಅವನಿಗೆ ಮಾತ್ರ ಗೊತ್ತು, ಅವನೇ ಗುರುತನ್ನು ಚೀಟಿಯಲ್ಲಿ ಬರೆದು ಕವರಿನ ಒಳಗೆ ಹಾಕಿ ಅಂಟಿಸಿದ್ದ. ಸಾರ್ ಎರಡನ್ನೂ ಕಣ್ಣೆತ್ತಿ ನೋಡಲಿಲ್ಲ. ನನ್ನ ಕೈಗೆ ಕೊಟ್ಟು, ಪ್ರತಿಯೊಂದು ಗೆರೆ ಎಲ್ಲಿದೆಯೋ ಅಳೆದು ಬರೆ, ಅಷ್ಟು ಮಾತ್ರ ಸಾಕು ಎಂದರು. ನೀವೇ ಏಕೆ ಅಳೆಯಬಾರದು ಎಂದು ಕೇಳಿದೆ.

"ಕಟ್ಟಿದವನು ಎಣಿಸಬಾರದು ಅಮ್ಮಣಿ. ಆಸೆ ಇರೋ ಕಣ್ಣು ಬೇಕಾದ್ದನ್ನೇ ನೋಡುತ್ತೆ."

ನನ್ನಿಂದ ಗುಟ್ಟನ್ನು ಮುಚ್ಚಿಟ್ಟದ್ದು ಇದಕ್ಕೇ. ಏನು ಕಾಣಬೇಕೆಂದು ತಿಳಿಯದ ಕಣ್ಣು ಅವರಿಗೆ ಬೇಕಿತ್ತು. ನಾನು ಎರಡು ದಿನ ಸೂಕ್ಷ್ಮದರ್ಶಕದ ಮುಂದೆ ಕುಳಿತು, ಅದರೊಳಗೆ ಗುರುತಿಗೆಂದು ಕಾಣುವ ಸಣ್ಣ ಅಡ್ಡಗೂದಲನ್ನು ಒಂದೊಂದು ಗೆರೆಯ ನಡುವಿಗೂ ಸರಿಯಾಗಿ ತಂದು, ಎರಡು ಪ್ಲೇಟಿನ ಅಳತೆಯನ್ನೂ ಪಕ್ಕಪಕ್ಕದ ಎರಡು ಕಂಬಸಾಲಿನಲ್ಲಿ ಬರೆದೆ. ಅಷ್ಟು ಅಚ್ಚುಕಟ್ಟಾದ ಬರವಣಿಗೆ ನನ್ನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಸಾರ್ ನನ್ನ ಹಾಳೆಯನ್ನು ಕೈಗೆತ್ತಿಕೊಂಡರು. ಮೊದಲ ಸಾಲು ಓದಿದರು, ಕೊನೆಯ ಸಾಲು ಓದಿದರು, ಬೆರಳಿಟ್ಟುಕೊಂಡು ಮತ್ತೆ ಮೇಲಿನಿಂದ ಬಂದರು. ಎರಡು ಕಂಬಸಾಲಿನ ಅಂಕಿಗಳೂ ಒಂದೇ. ಕೂದಲೆಳೆಯಷ್ಟೂ ಫರಕಿಲ್ಲ. ನಾನು ಹೊಗಳಿಕೆಗಾಗಿ ಕಾಯುತ್ತಿದ್ದೆ, ಹೊಗಳಿದರು ಕೂಡ. ಎಷ್ಟು ನೀಟಾಗಿ ಅಳೆದಿದ್ದೀಯ ಎಂದರು. ಎರಡು ಪ್ಲೇಟಿಗೂ ವ್ಯತ್ಯಾಸವೇ ಇಲ್ಲ ಎಂದು ತಮಗೇ ಹೇಳಿಕೊಂಡರು. ಆಮೇಲೆ ಹಾಳೆಯ ಕೆಳಗೆ ಕೆಂಪು ಶಾಯಿಯಲ್ಲಿ ಸಹಿ ಹಾಕಿ, ಕೋಟು ಸರಿಮಾಡಿಕೊಂಡು, ಮುಖ್ಯಸ್ಥರ ಕೋಣೆಗೆ ತಾವೇ ನಡೆದುಹೋಗಿ ಆಗಲಿಲ್ಲವೆಂದು ಹೇಳಿ ಬಂದರು. ಅವರ ಮುಖ ಸೋತುಹೋಗಿತ್ತು. ನನ್ನನ್ನು ಕಂಡೊಡನೆ ಅದಕ್ಕೊಂದು ನಗು ಅಂಟಿಸಿಕೊಂಡರು.

"ಪರವಾಯಿಲ್ಲೆ. ಊರಿಗೆ ಹೋಗಿ ಬಾ."

ಮರುದಿನ ಬೆಳಿಗ್ಗೆ ನೆಗಮಂನಲ್ಲಿ ಅಮ್ಮ ಮಗ್ಗದಿಂದ ಆಗ ತಾನೇ ಇಳಿಸಿದ ಸೀರೆಯನ್ನು ಜಗಲಿಯ ಬೆಳಕಿಗೆ ಹರಡಿದ್ದಳು. ಒಂದು ಅಂಗುಲಕ್ಕೆ ಎಷ್ಟಿದೆ ನೋಡು ಎಂದು ಕಣ್ಣಾಡಿ ಕೊಟ್ಟಳು. ಎಳೆ ನೋಡುವ ಪುಟ್ಟ ಭೂತಗನ್ನಡಿಗೆ ನಮ್ಮ ಮನೆಯಲ್ಲಿ ಕಣ್ಣಾಡಿ ಎಂದೇ ಹೆಸರು. ನಾನು ನೋಡಿ ನಲವತ್ತು ಎಂದೆ. ಏಳು ವರ್ಷದ ನನ್ನ ತಂಗಿ ಆಗ ತಾನೇ ನೂರರವರೆಗೆ ಕಲಿತ ಉತ್ಸಾಹದಲ್ಲಿ ಕಣ್ಣಾಡಿ ಕಿತ್ತುಕೊಂಡು, ಸೂಜಿಯ ಮೊನೆಯಲ್ಲಿ ಒಂದೊಂದನ್ನೇ ಸರಿಸುತ್ತಾ ಕುಳಿತಳು. ಬಹಳ ಹೊತ್ತಿನ ಮೇಲೆ ಎಂಬತ್ತು ಎಂದಳು. ನಾನು ಅವಳ ತಲೆಗೆ ಮೊಟಕಲು ಹೋದೆ. ಮುದ್ದಿಗೆ ನನ್ನನ್ನು ಕಣ್ಣು ಎಂದು ಕರೆಯುವ ಅಮ್ಮ ತಡೆದಳು.

"ಮೊಟಕ್ಬೇಡ ಕಣ್ಣು, ಅವ್ಳು ಹೇಳಿದ್ದೂ ಸರಿಯೇ. ಅವ್ಳು ಎಳೆ ಎಣಿಸಿದ್ಲು, ನೀ ಹಲ್ಲು ಎಣಿಸ್ದೆ."

ಮಗ್ಗದ ಹಣಿಗೆಯ ಒಂದೊಂದು ಹಲ್ಲಿನ ಸಂದಿನಲ್ಲಿ ಎರಡೆರಡು ಎಳೆ ಹಾಯ್ದಿರುತ್ತವೆ. ನಮ್ಮ ಮನೆಗಳಲ್ಲಿ ಯಾರೂ ಎಳೆ ಎಣಿಸುವುದಿಲ್ಲ, ಹಲ್ಲು ಎಣಿಸುತ್ತೇವೆ. ಜೋಡಿ ಕಂಡರೆ ಒಂದು. ಮಾತು ಬರುವ ಮುಂಚೆಯೇ ಕಣ್ಣಿಗೆ ಬಂದ ಲೆಕ್ಕ ಇದು. ಮಗ್ಗಕ್ಕೆ ಇನ್ನೂ ಕೂರದ ನನ್ನ ತಂಗಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಕಣ್ಣಾಡಿ ನನ್ನ ಕೈಯಿಂದ ಸೀರೆಯ ಮೇಲೆ ಬಿತ್ತು. ಆ ಎರಡು ಪ್ಲೇಟುಗಳಲ್ಲಿ ಒಂದರ ಗೆರೆಗಳು ಒಂಟಿಯಾಗಿದ್ದವು. ಇನ್ನೊಂದರಲ್ಲಿ ಜೋಡಿ ಜೋಡಿಯಾಗಿದ್ದವು. ನಾನು ಅದನ್ನು ನೋಡಿದ್ದೆ, ಚೆನ್ನಾಗಿಯೇ ನೋಡಿದ್ದೆ. ಅದರಲ್ಲಿ ವಿಶೇಷವೇನೂ ಕಾಣದೆ, ಹಲ್ಲಿಗೆರಡು ಎಳೆ ಎಂದುಕೊಂಡು, ಪ್ರತಿಯೊಂದು ಜೋಡಿಯ ನಡುವಿನ ಸಣ್ಣ ಸಂದಿಗೆ ಅಡ್ಡಗೂದಲನ್ನು ತಂದು ನಿಲ್ಲಿಸಿದ್ದೆ. ಗೆರೆ ಎಡಕ್ಕೊಂದು ಬಲಕ್ಕೊಂದು ಸಮಸಮವಾಗಿ ಒಡೆಯುವುದರಿಂದ, ನಡುವಿನ ಸಂದು ಮೊದಲಿನ ಗೆರೆಯ ಜಾಗದಲ್ಲೇ ಇರುತ್ತದೆ. ಇಷ್ಟು ಕರಾರುವಾಕ್ಕಾಗಿ ತಪ್ಪು ಮಾಡಿದ ವಿದ್ಯಾರ್ಥಿನಿ ಆ ಕಾಲೇಜಿನಲ್ಲಿ ಇನ್ನೊಬ್ಬಳಿರಲಾರಳು. ಗೆರೆ ಏಕೆ ಜೋಡಿಯಾಗುತ್ತದೆಂದು ನನಗೆ ಇನ್ನೂ ಗೊತ್ತಿರಲಿಲ್ಲ. ಆದರೆ ವ್ಯತ್ಯಾಸವೇ ಇಲ್ಲ ಎಂದು ಸಾರ್ ಹೇಳಿದ ಕಡೆ ವ್ಯತ್ಯಾಸವಿತ್ತು, ಅದನ್ನು ಬರೆಯದೆ ಬಿಟ್ಟವಳು ನಾನು, ಅಷ್ಟು ಗೊತ್ತಾಯಿತು. ಉಟ್ಟ ಸೀರೆಯಲ್ಲೇ ಓಡಿದೆ. ಪೊಳ್ಳಾಚಿಯಲ್ಲಿ ಬಸ್ಸು ಬದಲಿಸುವಾಗ ಚಪ್ಪಲಿ ಮನೆಯಲ್ಲೇ ಉಳಿದದ್ದು ಗಮನಕ್ಕೆ ಬಂತು.

ಕಾಲೇಜಿಗೆ ಬಂದಾಗ ಮಧ್ಯಾಹ್ನ. ಮೂಲೆಯ ಕೋಣೆಯ ಬಾಗಿಲು ತೆರೆದಿತ್ತು. ಕಾಂತದ ಒಂದು ಕಡೆಯ ಸುತ್ತನ್ನು ಆಗಲೇ ಬಿಚ್ಚಿಯಾಗಿತ್ತು. ಸಾರ್ ತಂತಿಯನ್ನು ಎಳೆಯುತ್ತಿದ್ದರು, ಅಟೆಂಡರ್ ತಾತ ಸುರುಳಿ ಮಾಡುತ್ತಿದ್ದ. ಹೊರಗೆ ಜಗಲಿಯಲ್ಲಿ ಹಾಕಿ ಕೋಲುಗಳ ಎರಡು ಕಟ್ಟು ಬಂದು ಕಾಯುತ್ತಿದ್ದವು. ನನಗೆ ಅಳು ಬಂತು. ಬಾಗಿಲಲ್ಲೇ ನಿಂತು ಉಸಿರು ಬಿಡದೆ ಹೇಳಿದೆ.

"ಸಾರ್, ನಾನು ಜೋಡೀನ ಒಂದೂಂತ ಎಣಿಸ್ಬಿಟ್ಟೆ. ನಮ್ಮನೇಲಿ ಹಂಗೇ ಎಣಿಸೋದು."

ಅವರ ಕೈಯ ತಂತಿ ಜಾರಿ ನೆಲಕ್ಕೆ ಬಿತ್ತು. ಪಕ್ಕದ ಸ್ಟೂಲಿನ ಮೇಲೆ ಮೆಲ್ಲನೆ ಕುಳಿತರು. ಯಾವ ಪ್ಲೇಟು, ಎಷ್ಟು ಗೆರೆ, ಎಲ್ಲವೂ ಜೋಡಿಯೋ ಕೆಲವು ಮಾತ್ರವೋ ಎಂದು ಒಂದೊಂದಾಗಿ ಕೇಳಿದರು. ಈಗಲಾದರೂ ಪ್ಲೇಟನ್ನು ಎತ್ತಿ ನೋಡುತ್ತಾರೆಂದುಕೊಂಡೆ. ನೋಡಲಿಲ್ಲ. ಈಗ ನಿನಗೂ ಆಸೆ ಹುಟ್ಟಿದೆ, ನಿನ್ನ ಕಣ್ಣೂ ಕೆಟ್ಟಿತು ಎಂದರು. ನಮ್ಮ ಕನ್ನಡ ತಿಳಿಯದ ಅಟೆಂಡರ್ ತಾತನಿಗೆ ಅಂಗಿಯ ಮೂಲೆಯಲ್ಲಿ ಕನ್ನಡಕ ಒರೆಸಿಕೊಳ್ಳಲು ಹೇಳಿ, ಸೂಕ್ಷ್ಮದರ್ಶಕದ ಮುಂದೆ ಕೂಡಿಸಿದರು. ಏನು ಕಾಣುತ್ತದೋ ಅಷ್ಟನ್ನೇ ಹೇಳು ಎಂದು ಅವನಿಗೆ ಹೇಳಿ, ತಾವು ಗೋಡೆಯ ಕಡೆ ಮುಖ ಮಾಡಿ ನಿಂತುಕೊಂಡರು. ನನಗೂ ಹಾಗೇ ನಿಲ್ಲಲು ಹೇಳಿದರು. ನಾವಿಬ್ಬರೂ ಶಿಕ್ಷೆಗೆ ನಿಲ್ಲಿಸಿದ ಮಕ್ಕಳ ಹಾಗೆ ಗೋಡೆ ನೋಡುತ್ತಾ ನಿಂತೆವು.

ಮೊದಲ ಪ್ಲೇಟಿಗೆ ತಾತ, ಗೆರೆ ಇದೆ, ನೇರವಾಗಿದೆ ಎಂದ. ಎರಡನೆಯದನ್ನು ಇಟ್ಟುಕೊಂಡು ತಿರುಪನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸತೊಡಗಿದ. ಸಾರ್ ಉಸಿರಾಡುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು.

"ಇದುಲೆ ಒವ್ವೊಣ್ಣುಂ ರೆಂಡು ರೆಂಡಾ ಇರುಕ್ಕುಂಗ ಸಾಮಿ," ಎಂದ. ಇದರಲ್ಲಿ ಒಂದೊಂದೂ ಎರಡೆರಡಾಗಿದೆ.

ಸಾರ್ ಗೋಡೆಗೆ ಹಣೆ ಒತ್ತಿಕೊಂಡರು. ತಾತ ಕವರು ಹರಿದು ತನ್ನ ಗುರುತು ನೋಡಿ, ಎರಡನೆಯದೇ ಕಾಂತ ನಡೆಸಿದ ಪ್ಲೇಟು ಎಂದ. ಆಗ ಸಾರ್ ತಿರುಗಿದರು. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರು. ಎಷ್ಟು ಹೊತ್ತು ಹಾಗೇ ಇದ್ದರೋ ಹೇಳಲಾರೆ, ಅವರ ಗಡಿಯಾರವಂತೂ ನಿಂತಿತ್ತು. ಎದ್ದವರು ನನ್ನನ್ನು ಬೈಯಲಿಲ್ಲ. ಆ ಕೋಣೆಯಲ್ಲಿ ಒಂದು ಸುತ್ತು ಹಾಕಿ, ಬಿಚ್ಚಿಹಾಕಿದ್ದ ತಂತಿಯ ರಾಶಿಯನ್ನು ಕಂಡು ಗಹಗಹಿಸಿ ನಕ್ಕರು. ಅಷ್ಟು ದೊಡ್ಡ ನಗು ಅವರಲ್ಲಿತ್ತೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಆಗಲೇ ಗುಟ್ಟನ್ನೂ ಹೇಳಿದರು. ಕಾಂತ, ಗೆರೆ, ನಕ್ಷತ್ರ ಮೂರನ್ನೂ ಒಟ್ಟಿಗೆ ಕೇಳಿ ನನಗೆ ಮೈ ಜುಮ್ಮೆಂದಿತು. ಆಕಾಶದಲ್ಲಿ ನಡೆಯುವುದು ನಾನು ಕಣ್ಣು ಹಚ್ಚಿದ್ದ ಪ್ಲೇಟಿನಲ್ಲಿ ನಡೆದುಹೋಗಿತ್ತು.

ಸಭೆ ಸೋಮವಾರ. ಪ್ಲೇಟು ತೋರಿಸಿದರೆ ಸಾಲದು, ಎಲ್ಲರ ಕಣ್ಣೆದುರು ಗೆರೆ ಒಡೆಯಬೇಕೆಂದು ಸಾರ್ ಹಟ ಹಿಡಿದರು. ಬಸ್ಸಿನವರ ಕೈಲಿ ಹೇಳಿಕಳಿಸಿದ್ದೆವು, ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅಮ್ಮ ರಾಟೆಯನ್ನು ಸೊಂಟದ ಮೇಲಿಟ್ಟುಕೊಂಡು ಬಂದಿಳಿದಳು. ನನ್ನ ಚಪ್ಪಲಿಯನ್ನೂ ತಂದಿದ್ದಳು. ಕಾಲೇಜಿನ ನೆಲದ ಮೇಲೆ ಕಾಲು ಚಾಚಿ ಕುಳಿತು, ಹರಿದ ಹೊದಿಕೆಗೆ ಮತ್ತೆ ನೂಲು ಸುತ್ತಿದಳು. ನಾನು ಮತ್ತು ತಾತ ಕಬ್ಬಿಣಕ್ಕೆ ತಂತಿ ಸುತ್ತಿದೆವು. ಸಾರ್ ಸುತ್ತು ಎಣಿಸಿದರು, ಈ ಸಲ ಎಣಿಸಿದ್ದನ್ನು ಇನ್ನೊಬ್ಬರಿಂದಲೂ ಎಣಿಕೆ ಮಾಡಿಸಿದರು. ನಡುವೆ ಅವರ ಮನೆಯಿಂದ ಪುಳಿಯೋಗರೆ ಬಂತು. ಮೂರು ಗಂಟೆಯ ಹೊತ್ತಿಗೆ ದೀಪ ಹಚ್ಚಿ, ಕಿಟಕಿಗೆ ಕಂಬಳಿ ಹೊದಿಸಿ, ಸಾರ್ ಮೊದಲು ಅಮ್ಮನನ್ನು ಕರೆದರು. ಅಮ್ಮ ಸೆರಗು ಬಿಗಿದು ಒಂದು ಕಣ್ಣು ಮುಚ್ಚಿ ನೋಡಿದಳು. ಸಾರ್ ಸ್ವಿಚ್ಚು ಹಾಕಿದರು.

"ಅಯ್ಯೋ, ಒಂಟಿ ಎಳೆ ಜೋಡಿ ಆಯ್ತಲ್ಲ ಸಾರ್," ಎಂದಳು ಅಮ್ಮ. ಸ್ವಿಚ್ಚು ತೆಗೆದರು. "ಒಂಟಿ ಆಯ್ತು." ಹಾಕಿದರು. "ಜೋಡಿ." ಹತ್ತು ಸಲ ಹಾಕಿ ತೆಗೆದು ಮಾಡಿಸಿದಳು. ನಾವು ನಾಲ್ವರೂ ಹುಚ್ಚರ ಹಾಗೆ ನಗುತ್ತಿದ್ದೆವು.

ಸೋಮವಾರ ಮುಖ್ಯಸ್ಥರು ಗೇಲಿ ಮಾಡುವುದಕ್ಕೆಂದೇ ಮೊದಲು ಬಂದು ಕಣ್ಣು ಹಚ್ಚಿದರು. ಎಷ್ಟು ಹೊತ್ತಾದರೂ ಏಳಲಿಲ್ಲ. ಹಿಂದೆ ಸಾಲು ನಿಂತಿದ್ದವರು ಗೊಣಗಲು ಶುರುಮಾಡಿದರು. ಎದ್ದವರು ಸಾರ್ ಕೈಕುಲುಕಿ, ಆಟದ ಮೇಷ್ಟ್ರ ಕಡೆ ತಿರುಗಿ, ಕೋಲುಗಳಿಗೆ ಬೇರೆ ಜಾಗ ನೋಡಿಕೊಳ್ಳಿ ಎಂದರು.

ಸಾರ್ ಭಾಷಣಕ್ಕೆ ಎದ್ದರು. ಕಾಂತ ಕಟ್ಟಿದ ಕಥೆ ಹೇಳುತ್ತಾರೆಂದು ಎಲ್ಲರೂ ಕಾದರೆ, ಅವರು ಶುಕ್ರವಾರದ ತಪ್ಪಿನಿಂದ ಶುರುಮಾಡಿದರು. ನನ್ನ ಕಡೆ ತಿರುಗಿಯೂ ನೋಡದೆ, ನಾವು ತಪ್ಪಾಗಿ ಎಣಿಸಿದೆವು ಎಂದರು. ಆಮೇಲೆ ಹೇಳಿದ ಮಾತು ಆ ಸಭೆಯಲ್ಲಿ ಎಷ್ಟು ಜನಕ್ಕೆ ಅರ್ಥವಾಯಿತೋ ಕಾಣೆ. ತುಂಬ ಬಿಸಿಯಾದ, ತುಂಬ ತೂಕದ ನೀಲಿ ನಕ್ಷತ್ರಗಳು ಬಲು ವೇಗವಾಗಿ ತಿರುಗುತ್ತವೆ, ಅದರಿಂದ ಅವುಗಳ ಬೆಳಕಿನ ಗೆರೆ ಅಗಲವಾಗಿ ಹರಡಿಕೊಂಡಿರುತ್ತದೆ. ಅಲ್ಲಿ ಗೆರೆ ಎರಡಾಗಿದ್ದರೂ ನಮಗೆ ಒಂದರ ಹಾಗೇ ಕಾಣುತ್ತದೆ. ಅವುಗಳಲ್ಲಿ ಕಾಂತವಿಲ್ಲವೆಂದು ಹೇಳಲು ಯಾರೂ ಅವಸರ ಮಾಡಬಾರದು, ಜೋಡಿಯನ್ನು ಒಂದೆಂದು ಎಣಿಸುತ್ತಿರುವವರು ನಾವೇ ಇರಬಹುದು. ತಮಿಳಿನಲ್ಲಿ ಹೇಳಿದ ಆ ಮಾತನ್ನು ಕೇಳುತ್ತಾ ನನ್ನ ತಪ್ಪಿಗೆ ಒಂದು ಘನತೆ ಬಂದ ಹಾಗಾಯಿತು. ಮುಂದೆ ಎಂ.ಎಸ್‌ಸಿ. ಮಾಡಬೇಕೆಂದು ನಾನು ನಿರ್ಧರಿಸಿದ್ದು ಆ ಬೆಂಚಿನ ಮೇಲೆ ಕುಳಿತೇ.

ಕೋಣೆ, ಕಾಂತ ಎರಡೂ ಅವರ ಬಳಿಯೇ ಉಳಿದವು. ಹುದ್ದೆ ಮಾತ್ರ ಕೊನೆಯವರೆಗೂ ಡೆಮಾನ್‌ಸ್ಟ್ರೇಟರೇ. ನಾನು ಮೈಸೂರಿಗೆ ಬಂದೆ, ಪಾಠ ಹೇಳುವವಳಾದೆ, ಬೇಸಿಗೆಯ ರಜೆಗೆ ನೆಗಮಂಗೆ ಹೋದಾಗಲೆಲ್ಲ ಅವರನ್ನು ಕಂಡು ಬರುತ್ತಿದ್ದೆ. ಎಷ್ಟೋ ವರ್ಷಗಳ ಮೇಲೆ ಒಂದು ದಿನ, ನನ್ನ ಕಾಲೇಜಿಗೆ ಬಂದ ಪತ್ರಿಕೆಯಲ್ಲಿ ಓದಿದೆ. ಓರಿಯನ್ ಗುಂಪಿನ ಒಂದು ನೀಲಿ ನಕ್ಷತ್ರದಲ್ಲಿ, ಸೂರ್ಯನಿಗಿಂತ ಹಲವು ಪಟ್ಟು ತೂಕದ್ದರಲ್ಲಿ, ದೊಡ್ಡ ಕಾಂತ ಸಿಕ್ಕಿತ್ತು. ಅಂದೇ ಸಂಜೆಯ ರೈಲಿಗೆ ಟಿಕೆಟ್ ತೆಗೆದೆ.

ಅವರಿಗೆ ಆಗ ಹಗಲಲ್ಲೂ ಕಣ್ಣು ಕಾಣುತ್ತಿರಲಿಲ್ಲ. ಮಂಚದ ಮೇಲೆ ಎದ್ದು ಕುಳಿತು ಪೂರ್ತಿ ಓದಿಸಿಕೊಂಡರು. ಮುಗಿದ ಮೇಲೆ ಸೊಸೆಯನ್ನು ಕರೆದು, ಅರ್ಥವಾಗದಿದ್ದರೂ ಪರವಾಗಿಲ್ಲ, ನೀನೂ ಒಂದು ಸಲ ಓದು ಎಂದರು. ಆಕೆ ತಡವರಿಸುತ್ತಾ ಓದಿದಳು. ಎರಡೂ ಒಂದೇ ಎಂದು ಖಾತ್ರಿಯಾದ ಮೇಲೆ ಮಂಡಿಯನ್ನು ತಟ್ಟಿಕೊಂಡು ಎಳೆಯ ಮಗುವಿನ ಹಾಗೆ ನಕ್ಕರು. ಆ ಖುಷಿಯ ಸಲಿಗೆಯಲ್ಲಿ, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. ಆ ಶುಕ್ರವಾರ ನಾನು ಊರಿಗೆ ಹೊರಟ ಮೇಲೆ ಪ್ಲೇಟುಗಳು ನಿಮ್ಮ ಹತ್ತಿರವೇ ಇದ್ದವು. ಕೆಲಸವೂ ಮುಗಿದಿತ್ತು, ಸೋಲನ್ನೂ ಒಪ್ಪಿಕೊಂಡು ಬಂದಿದ್ದಿರಿ. ಒಂದು ಸಲವಾದರೂ ನೋಡಬೇಕೆನ್ನಿಸಲಿಲ್ಲವೇ?

ಅವರ ಎಡಗೈ ಹೆಬ್ಬೆರಳು ಹುಬ್ಬಿಗೆ ಹೋಯಿತು.

"ಎತ್ಕೊಂಡು ಕಿಟಕಿ ಹತ್ರ ಹೋದೆ," ಎಂದರು. "ಕೈ ಮೇಲಕ್ಕೆ ಎತ್ತೋ ಮುಂಚೆ ಪೆಟ್ಟಿಗೆಗೆ ಹಾಕ್ಬಿಟ್ಟೆ. ನೀನು ಎಣಿಸಾಗಿತ್ತಲ್ಲ ಅಮ್ಮಣಿ."

ವಿಜ್ಞಾನದ ದೃಷ್ಟಿಯಿಂದ ಇದು ಶುದ್ಧ ಅವಿವೇಕ. ನನ್ನ ವಿದ್ಯಾರ್ಥಿಗಳು ಯಾರಾದರೂ ಹೀಗೆ ಮಾಡಿದ್ದರೆ ಕಿವಿ ಹಿಂಡುತ್ತಿದ್ದೆ. ಆದರೆ ನನಗೆ ಆಗ ಹತ್ತೊಂಬತ್ತು ವರ್ಷ. ಮನೆಯಲ್ಲಾಗಲಿ ಹೊರಗಾಗಲಿ ನಾನು ಹೇಳಿದ್ದೇ ಸಾಕೆಂದು ಯಾರೂ ಒಂದು ದಿನವೂ ಒಪ್ಪಿರಲಿಲ್ಲ. ಈ ಮನುಷ್ಯ ಹದಿನೈದು ವರ್ಷದಲ್ಲಿ ತನಗೆಂದು ಕೇಳಿದ ಒಂದೇ ಆಸೆಯನ್ನು ನನ್ನ ಒಂದು ಹಾಳೆಯ ಲೆಕ್ಕಕ್ಕಾಗಿ ಕೈಯಾರೆ ಬಿಚ್ಚಿಹಾಕಲು ಕುಳಿತಿದ್ದರು, ಅದೂ ತಪ್ಪು ಲೆಕ್ಕಕ್ಕಾಗಿ.

ಆ ವರ್ಷ ಮುಗಿಯುವ ಮುಂಚೆಯೇ ಅವರು ತೀರಿಕೊಂಡರು. ಯಾರಾದರೂ ಹಾಗೆ ನಂಬಿಬಿಡಬಹುದೆಂಬ ಭಯಕ್ಕೆ ನಾನು ಇಂದಿಗೂ ಎಲ್ಲವನ್ನೂ ಎರಡು ಸಲ ಎಣಿಸುತ್ತೇನೆ.